ಬೆನ್ನು ತೋರಿಸುವ ಯಂತ್ರ

ಮನೆಯಲ್ಲಿ ಒಬ್ಬಳು ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಇದ್ದರೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರಗಳೆಲ್ಲ ಹೆದರಿಕೊಂಡು ಸರಿಯಾಗಿ ಕೆಲಸ ಮಾಡುತ್ತವೆ ಎಂದು ನಮ್ಮ ಬಂಧುಬಳಗ ಬಲವಾಗಿ ನಂಬಿದೆ. ಮದುವೆಗೆ ಹೋದರೂ ಸರಿ, ನಾಮಕರಣಕ್ಕೆ ಹೋದರೂ ಸರಿ, ಎಲೆಯ ಮುಂದೆ ಕೂತ ಮೇಲೆ ಯಾರಾದರೊಬ್ಬರು, "ನಮ್ಮ ಟೀವಿಯಲ್ಲಿ ಬರೀ ಗೆರೆ ಬರುತ್ತೆ ಕಣೇ, ಯಾಕೆ?" ಎಂದು ಕೇಳಿಯೇ ಕೇಳುತ್ತಾರೆ. ಡಾಕ್ಟರಿಗೂ ನನಗೂ ಒಂದೇ ಕಷ್ಟ. ಅವರಾದರೋ ಒಂದು ಮಾತ್ರೆಯ ಹೆಸರು ಹೇಳಿ ಪಾರಾಗುತ್ತಾರೆ. ನಾನು "ತಂದು ತೋರಿಸಿ" ಎನ್ನುವ ಹಾಗಿಲ್ಲ. ನಿಜವಾಗಿ ತಂದುಬಿಡುತ್ತಾರೆ!

ನಾನು ಮಾಡುತ್ತಿದ್ದುದು ರಿಪೇರಿಯಲ್ಲ, ಹಾರ್ಡ್‌ವೇರ್ ವಿನ್ಯಾಸ. ಹಾಗೆಂದರೇನು ಎಂದು ಗಂಡಸರಿಗೆ ವಿವರಿಸುವುದು ಕಷ್ಟ, ಅಡಿಗೆ ಮಾಡುವವರಿಗೆ ಸುಲಭ. ಸಾಫ್ಟ್‌ವೇರು ಸಾರಿದ್ದ ಹಾಗೆ. ಉಪ್ಪು ಕಡಿಮೆಯಾದರೆ ಬಡಿಸುವ ಹೊತ್ತಿಗೂ ಹಾಕಿ ಸುಧಾರಿಸಬಹುದು. ಹಾರ್ಡ್‌ವೇರು ಉಪ್ಪಿನಕಾಯಿ. ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಮುಗಿಯಿತು. ಆರು ತಿಂಗಳಾದ ಮೇಲೆ ಯಾರದೋ ಮನೆಯಲ್ಲಿ ಯಾರೋ ಭರಣಿ ತೆಗೆದಾಗ ನಿಮ್ಮ ಹೆಸರು ಉಳಿಯಬೇಕು.

ನನ್ನ ಪಾಲಿಗೆ ಬಂದಿದ್ದು ಹಾಲು ತೂಗುವ ಯಂತ್ರದ ಒಳಗಿನ ಬೋರ್ಡು. ಹೊರಗಿನ ಪೆಟ್ಟಿಗೆಯನ್ನು ನಾನು ಕೆಲಸಕ್ಕೆ ಸೇರುವ ಮೊದಲೇ ಬೇರೆಯವರು ನಿಶ್ಚಯಿಸಿಬಿಟ್ಟಿದ್ದರು. ಈ ತಕ್ಕಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಅಡಿಯಲ್ಲಿ ಲೋಹದ ಒಂದು ತುಂಡು ಇರುತ್ತದೆ. ಮೇಲೆ ಭಾರ ಬಿದ್ದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೈಗೆ ಅಂಟಿಸಿದ ತೆಳು ತಂತಿಹಾಳೆ ಅಷ್ಟೇ ಸೂಕ್ಷ್ಮವಾಗಿ ಹಿಗ್ಗುತ್ತದೆ, ವಿದ್ಯುತ್ತಿಗೆ ಅದು ಒಡ್ಡುವ ತಡೆ ಬದಲಾಗುತ್ತದೆ. 100 ಕಿಲೋ ತೂಗುವ ಯಂತ್ರಕ್ಕೆ 10 ವೋಲ್ಟ್ ಕೊಟ್ಟರೆ, ಪೂರಾ ನೂರು ಕಿಲೋ ಹೇರಿದಾಗಲೂ ಅದು ಹಿಂದಕ್ಕೆ ಕೊಡುವುದು ಸುಮಾರು 20 ಮಿಲಿವೋಲ್ಟ್. ಹಾಗಾದರೆ 10 ಗ್ರಾಂ ಹಾಲಿಗೆ ಸಿಗುವುದೆಷ್ಟು? ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು! ಟಾರ್ಚಿಗೆ ಹಾಕುವ ಸೆಲ್ಲು ಒಂದೂವರೆ ವೋಲ್ಟು ಎಂಬುದನ್ನು ನೆನೆದರೆ ಈ ಲೆಕ್ಕದ ನಾಜೂಕು ಗೊತ್ತಾದೀತು. ಎರಡು ಬೇರೆ ಲೋಹ ಕೂಡುವ ಜಾಗದಲ್ಲಿ ಒಂದು ಕಡೆ ಸ್ವಲ್ಪ ಬಿಸಿಯಾದರೂ ಸಾಕು, ಅಷ್ಟು ವಿದ್ಯುತ್ತು ತಾನಾಗಿ ಹುಟ್ಟಿಬಿಡುತ್ತದೆ. ಹಾಲಿಲ್ಲದೆಯೇ ಹಾಲಿನ ತೂಕ! ಇದನ್ನೆಲ್ಲ ಸೋಸಿ, ನಿಜವಾದ ತೂಕವನ್ನಷ್ಟೇ ಉಳಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಬಿಡಿಭಾಗ ಮಾಡುವವರು ಕೊಡುವ ಹಾಳೆಗಳಲ್ಲಿ ಬಹುಪಾಲು ಲೆಕ್ಕ 25 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬರೆದಿರುತ್ತದೆ. ನಮ್ಮ ಊರುಗಳ ತಗಡಿನ ಮಾಡು ಆ ಹಾಳೆಗಳನ್ನು ಓದಿರುವುದಿಲ್ಲ. ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಲ್ಲಿ ಒಂದು ಜಾತಿಯವುಗಳೊಳಗೆ ದ್ರವ ಇರುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ. 1986ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನಿನ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜು ಶುರುವಾಯಿತಲ್ಲ, ಅದರ ಹೆಚ್ಚುಗಾರಿಕೆಯೇ ಇದು: ಅದಕ್ಕೆ ತಂಪು ಕೋಣೆ ಬೇಕಿರಲಿಲ್ಲ. ಧೂಳು, ಬಿಸಿಲುಗಳ ನಡುವೆಯೇ ಬಾಳುವಂತೆ ಅದನ್ನು ಮಾಡಿದ್ದರು. ಓದುವಾಗ ನಮ್ಮ ಮೇಷ್ಟರು ಅದನ್ನು ಹೇಳಿದಾಗ ನಾನು ಪರೀಕ್ಷೆಗೆಂದು ಬರೆದುಕೊಂಡಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ಬಸ್ಸು ಹತ್ತಿದ ಮೇಲೆ.

ಆಗ ವಾರಕ್ಕೊಂದು ಹಳ್ಳಿ. ಮೆಜೆಸ್ಟಿಕ್ಕಿನಲ್ಲಿ ಬೆಳಗಿನ ಜಾವದ ಬಸ್ಸು, ನೆಲಮಂಗಲ, ಕುಣಿಗಲ್ ದಾಟಿ ಬೆಳ್ಳೂರು ಕ್ರಾಸಿನಲ್ಲಿ ಇಳಿದು ಇನ್ನೊಂದು ಬಸ್ಸು. ತೊಡೆಯ ಮೇಲೆ ಉಪಕರಣದ ಪೆಟ್ಟಿಗೆ. "ಒಬ್ಬಳೇ ಹೋಗ್ತೀಯಾ? ನಿಮ್ಮ ಆಫೀಸಿನಲ್ಲಿ ಗಂಡಸರಿಲ್ಲವೇ?" ಎಂದು ಅತ್ತೆಯವರು ಪ್ರತಿಸಲವೂ ಕೇಳುತ್ತಿದ್ದರು, ಕೇಳುತ್ತಲೇ ಚಿತ್ರಾನ್ನ ಕಟ್ಟಿಕೊಡುತ್ತಿದ್ದರು. ಗಂಟಲು ಒಣಗಿದರೂ ನೀರು ಕುಡಿಯದೆ ಆರು ಗಂಟೆ ಕಳೆಯುವ ವಿದ್ಯೆಯನ್ನು ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸುವುದಿಲ್ಲ. ಪ್ರಯಾಣ ಮಾಡುವ ಹೆಂಗಸರೆಲ್ಲ ಅದರಲ್ಲಿ ಪದವೀಧರರು, ನಿಮಗೇ ಗೊತ್ತು.

ಹಳ್ಳಿಯ ಡೈರಿಯಲ್ಲಿ ನನ್ನ ಬೋರ್ಡಿನ ಸಂಸಾರ ನೋಡಬೇಕಿತ್ತು! ಹೊಲದ ಪಂಪುಗಳು ಒಟ್ಟಿಗೇ ಶುರುವಾದರೆ 230 ವೋಲ್ಟ್ ಇರಬೇಕಾದ ಕರೆಂಟು 170ಕ್ಕೆ ಇಳಿಯುತ್ತಿತ್ತು. ಪೆಟ್ಟಿಗೆಯ ಬೆಚ್ಚಗಿನ ಮೂಲೆಯಲ್ಲಿ ಹಲ್ಲಿಯೊಂದು ಬಾಡಿಗೆಯಿಲ್ಲದೆ ಬಾಣಂತನ ಮುಗಿಸಿಕೊಂಡಿತ್ತು. ಇಷ್ಟಾಗಿಯೂ ತೂಕದ ಕಲ್ಲು ಇಟ್ಟು ನೋಡಿದರೆ ತೂಕ ಸರಿಯಾಗಿಯೇ ಬರುತ್ತಿತ್ತು. ನಾನು ಒಳಗೊಳಗೇ ಹಿಗ್ಗಿದೆ.

2003ರ ಒಂದು ಬೆಳಿಗ್ಗೆ, ನಾಗಮಂಗಲದ ಕಡೆಯ ಒಂದು ಹಳ್ಳಿ. ಸಾಲಿನಲ್ಲಿ ಮುಕ್ಕಾಲುಪಾಲು ಹೆಂಗಸರು, ಕೈಯಲ್ಲಿ ಸ್ಟೀಲಿನ ಕ್ಯಾನು. ಕಾರ್ಯದರ್ಶಿ ತೂಕ ನೋಡಿ ಗಟ್ಟಿಯಾಗಿ ಹೇಳುವುದು, ಪುಸ್ತಕದಲ್ಲಿ ಬರೆಯುವುದು ನಡೆದಿತ್ತು. ಒಬ್ಬ ಅಜ್ಜಿ ತನ್ನ ಸರದಿ ಮುಗಿದರೂ ಹೋಗದೆ ನನ್ನ ಹತ್ತಿರ ಬಂದು, "ಈ ಮಿಸನ್ನು ಮಾಡ್ದೋಳು ನೀನೇನವ್ವಾ?" ಎಂದಳು. ಹೌದು ಅಜ್ಜಿ ಎಂದೆ. "ಸರಿಯಾಗ್ ತೂಗ್ತದಾ?" ಗ್ರಾಂ ಲೆಕ್ಕದಲ್ಲಿ ವಿವರಿಸಲು ಹೊರಟೆ. ಅವಳು ತಡೆದು, "ಅದ್ ಹಂಗಿರ್ಲಿ. ಸೆಕ್ರೆಟ್ರಿಗ್ ಮಕ ತೋರುಸ್ತದೆ, ನಮ್ಗ್ಯಾಕೆ ಬೆನ್ ತೋರುಸ್ತದೆ?" ಎಂದು ಕೇಳಿದಳು.

ನಾನು ಸುತ್ತಿ ಬಂದು ಅವಳ ಪಕ್ಕ ನಿಂತು ನೋಡಿದೆ. ಅಲ್ಲಿಂದ ಕಾಣುತ್ತಿದ್ದುದು ನಾಲ್ಕು ಸ್ಕ್ರೂ, ಒಂದು ವೈರು, ಕಂಪನಿಯ ಹೆಸರು. ಕೆಂಪು ಅಂಕಿಗಳೆಲ್ಲ ಆಚೆ ಕಡೆ. ಅಜ್ಜಿಗೆ ಓದು ಬಾರದು, ಆದರೆ ಅಂಕಿ ಬರುತ್ತದೆ. ಬಸ್ಸಿನ ನಂಬರು, ನೋಟಿನ ನಂಬರು ನೋಡಿ ಕಲಿತದ್ದು. ಎರಡು ಹಸು, ತಿಂಗಳಿಗೆರಡು ಬಟವಾಡೆ, ಅದರಲ್ಲಿ ಮೊಮ್ಮಗಳ ಹಾಸ್ಟೆಲ್ ಖರ್ಚು. ಕಾಲು ಲೀಟರು ಹೆಚ್ಚುಕಡಿಮೆಯಾದರೂ ಅವಳಿಗೆ ಅದು ದೊಡ್ಡ ಲೆಕ್ಕ. ಕಾರ್ಯದರ್ಶಿಯ ಮುಖ ಸಪ್ಪಗಾಗಿತ್ತು. "ಹನ್ನೆರಡು ವರ್ಷದಿಂದ ಒಂದು ತೊಟ್ಟು ಮೋಸ ಮಾಡಿಲ್ಲ ಮೇಡಂ. ಆದ್ರೆ ಮೋಸ ಮಾಡಿಲ್ಲ ಅಂತ ತೋರಿಸೋದು ಹೇಗೆ ಹೇಳಿ?" ಎಂದರು. ಆ ಮನುಷ್ಯನ ಸಂಕಟವೂ ಸುಳ್ಳಲ್ಲ. ತೂಕ ಸರಿಯಾಗಿತ್ತು, ಕೊಡುವವಳಿಗೂ ಬರೆಯುವವನಿಗೂ ನಡುವೆ ಇದ್ದ ಅನುಮಾನಕ್ಕೆ ಮಾತ್ರ ಯಂತ್ರದಲ್ಲಿ ಮದ್ದಿರಲಿಲ್ಲ.

ಬೆಂಗಳೂರಿಗೆ ಬಂದು, ಹಿಂಭಾಗದಲ್ಲೂ ಅಂಕಿ ಕಾಣುವಂತೆ ಇನ್ನೊಂದು ಡಿಸ್‌ಪ್ಲೇ ಇಡೋಣ ಎಂದೆ. ಸಭೆಯಲ್ಲಿ ಎಲ್ಲರೂ ನಕ್ಕರು. ಖರೀದಿಯವರು ಖರ್ಚಿನ ಪಟ್ಟಿ ಹಿಡಿದರು. "ನಮ್ಮ ಗಿರಾಕಿ ಡೈರಿ, ಹಾಲು ಹಾಕುವವರಲ್ಲ" ಎಂದರು ಒಬ್ಬರು. ವಾದ ಮಾಡುವುದರಲ್ಲಿ ನಾನು ಹಿಂದೆ. ಶನಿವಾರ ಎಸ್.ಪಿ. ರಸ್ತೆಗೆ ಹೋಗಿ, ಸೊಪ್ಪಿನವಳ ಹತ್ತಿರ ಮಾಡುವಂತೆಯೇ ಚೌಕಾಸಿ ಮಾಡಿ, ನನ್ನ ದುಡ್ಡಿನಲ್ಲೇ ಕೆಂಪು ಅಂಕಿಗಳ ಒಂದು ಸೆಟ್ಟು ತಂದೆ. ಭಾನುವಾರ ಅಡಿಗೆಮನೆಯ ಕಟ್ಟೆಯ ಮೇಲೆ ಬೆಸುಗೆ ಹಾಕಿದೆ. ಹೊಗೆಗೆ ಅತ್ತೆಯವರು ಕೆಮ್ಮುತ್ತಾ, "ಆ ಮುದುಕಿ ಕೇಳಿದ್ದು ನ್ಯಾಯವಾಗೇ ಇದೆ" ಎಂದರು. ಸೋಮವಾರ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೆನ್ನು ಮುಂದಾಗಿ ಇಟ್ಟೆ. ಖರೀದಿಯವರಿಗೆ ಮನಸ್ಸು ಕರಗಿತೆಂದಲ್ಲ. ಮಾರುವವರು, "ಎರಡು ಕಡೆ ಕಾಣುವ ತಕ್ಕಡಿ ಎಂದರೆ ಡೈರಿಯವರೇ ಕೇಳಿಕೊಂಡು ಬರುತ್ತಾರೆ" ಎಂದು ನನ್ನ ಪಕ್ಷ ವಹಿಸಿದರು. ಅದು ಸಾಕಾಯಿತು.

ಮೂರು ತಿಂಗಳ ಮೇಲೆ ಹೊಸ ಯಂತ್ರ ಅದೇ ಹಳ್ಳಿಗೆ ಹೋಯಿತು. ನಾನೂ ಹೋದೆ. ಹೊಗಳಿಕೆಯ ಆಸೆ ಸ್ವಲ್ಪವೂ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಬಿಡಿ. ಅಜ್ಜಿ ಹಾಲು ಸುರಿದಳು. ಕೆಂಪು ಅಂಕಿ ನೋಡಿದಳು, ತುಟಿಯಲ್ಲೇ ಎಣಿಸಿದಳು. ಕಾರ್ಯದರ್ಶಿ ಎಂದಿನಂತೆ ಗಟ್ಟಿಯಾಗಿ ಹೇಳಿದರು. ಎರಡೂ ತಾಳೆಯಾಯಿತು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು. "ಇನ್ನೊಂದ್ ಗೇಣು ಮ್ಯಾಲಕ್ಕೆ ಇಟ್ಟಿದ್ರೆ ಹಿಂದೆ ನಿಂತೋರ್ಗೂ ಕಾಣಾದಲ್ವೇನವ್ವಾ?"

ಪೆಟ್ಟಿಗೆಯಿಂದ ಟೇಪು ತೆಗೆದು ಅಳತೆ ಬರೆದುಕೊಂಡೆ.