ಕೇಳುವವರ ಮುಖ

ರಾಕ್ ಸಂಗೀತವೆಂದೊಡನೆ ಕಿವಿ ಮುಚ್ಚಿಕೊಳ್ಳುವ ಹಿರಿಯರು ನಮ್ಮ ವಾಚಕರಲ್ಲಿ ಅನೇಕರಿರುವರೆಂಬುದನ್ನು ಬಲ್ಲೆನು. ಅವರನ್ನು ಆ ಸಂಗೀತಕ್ಕೆ ಒಲಿಸಬೇಕೆಂಬ ಹಟ ನನಗಿಲ್ಲ. ಆದರೆ ಅದನ್ನು ಕುರಿತ ಸಾಕ್ಷ್ಯಚಿತ್ರಗಳಲ್ಲಿ ಎರಡು ಮೂರನ್ನಾದರೂ ಅವರು ನೋಡತಕ್ಕದ್ದೆಂದು ನನ್ನ ಅಭಿಪ್ರಾಯ. ಈ ಚಿತ್ರಗಳ ತಾರತಮ್ಯವನ್ನು ಅಳೆಯಲು ನನ್ನಲ್ಲಿರುವ ಕೋಲು ಒಂದೇ: ಕ್ಯಾಮರಾ ಹಾಡುವವನನ್ನು ಬಿಟ್ಟು ಕೇಳುವವರ ಕಡೆಗೆ ತಿರುಗುವುದೋ ಇಲ್ಲವೋ?

ಪೆನ್ನೆಬೇಕರ್ ಎಂಬವರ 'ಮಾಂಟೆರೇ ಪಾಪ್' 1968ರಲ್ಲಿ ಹೊರಬಂದಿತು. ಅದರ ಹಿಂದಿನ ವರ್ಷದ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ಉತ್ಸವವೊಂದರ ಚಿತ್ರವದು. ಜಾನಿಸ್ ಜಾಪ್ಲಿನ್ ಎಂಬ ತರುಣಿಯು ಎದೆ ಬಿರಿಯುವಂತೆ ಹಾಡುತ್ತಿರುವಾಗ, ಸಭಿಕರ ನಡುವೆ ಕುಳಿತ ಕ್ಯಾಸ್ ಎಲಿಯಟ್, ತಾನೂ ಹೆಸರಾಂತ ಗಾಯಕಿ, ಬಾಯಿ ತೆರೆದು ಬೆರಗಾಗುವಳು. ಆ ಒಂದು ಮುಖ ನೂರು ವಿಮರ್ಶೆಗಳಿಗೆ ಸಮ. ಚಿತ್ರದ ಕೊನೆಯಲ್ಲಿ ನಮ್ಮ ರವಿಶಂಕರರ ಸಿತಾರ್, ಅಲ್ಲಾ ರಖಾರವರ ತಬಲ. ಬಹಳ ಹೊತ್ತಿನವರೆಗೆ ನಾದ ಮಾತ್ರ ಕೇಳಿಬರುವುದು; ಕಾಣುವವರೆಲ್ಲ ಕೇಳುಗರೇ. ಅವರಲ್ಲಿ ಜಿಮಿ ಹೆಂಡ್ರಿಕ್ಸನೂ ಒಬ್ಬನು. ಅದೇ ದಿನ ರಾತ್ರಿ ಆತನು ತನ್ನ ಗಿಟಾರಿಗೆ ಬೆಂಕಿಯಿಟ್ಟನು! ವಾದ್ಯಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಸಹಿಸತಕ್ಕುದಲ್ಲ. ರವಿಶಂಕರರೂ ಅದರಿಂದ ನೊಂದುದಾಗಿ ಹೇಳಿರುವರು.

ಸ್ಕಾರ್ಸೇಸಿಯವರ 'ದಿ ಲಾಸ್ಟ್ ವಾಲ್ಟ್ಜ್' (1978) ಎಂಬುದನ್ನು ಅನೇಕ ರಸಿಕರು ಮೊದಲ ಸ್ಥಾನದಲ್ಲಿಡುವರು. ಬೆಳಕಿನ ಬೆಡಗು ಅದರಲ್ಲಿ ಹೇರಳವಾಗಿದೆ. ಸಭಿಕರು ಮಾತ್ರ ಕಾಣುವುದೇ ಅಪರೂಪ. ನನಗದು ಬೀಗ ಹಾಕಿದ ದೇಗುಲದಂತೆ ತೋರುವುದು.

ಇವೆಲ್ಲವುಗಳಿಗಿಂತ ಮಿಗಿಲೆಂದು ನಾನು ಎಣಿಸುವುದು ಮೇಜಲ್ಸ್ ಸಹೋದರರೂ ಷಾರ್ಲೆಟ್ ಜ್ವೆರಿನ್ ಎಂಬಾಕೆಯೂ ಕೂಡಿ ಮಾಡಿದ 'ಗಿಮ್ಮೀ ಶೆಲ್ಟರ್' (1970). 1969ರ ಡಿಸೆಂಬರ್ 6ರಂದು ಆಲ್ಟಮಾಂಟ್ ಎಂಬಲ್ಲಿ, ಮೋಟಾರು ಪಂದ್ಯದ ಬಯಲಿನಲ್ಲಿ, ರೋಲಿಂಗ್ ಸ್ಟೋನ್ಸ್ ತಂಡದವರು ಉಚಿತವಾಗಿ ಹಾಡಿದರು. ವೇದಿಕೆಯ ಬಳಿ ಕಾವಲು ನಿಂತವರು ಹೆಲ್ಸ್ ಏಂಜಲ್ಸ್ ಎಂಬ ಮೋಟಾರ್ ಸೈಕಲ್ ಸವಾರರ ಗುಂಪಿನವರು. ದಿನವೆಲ್ಲ ಬಡಿದಾಟ. ಕತ್ತಲಾದ ಮೇಲೆ, ಹಾಡು ನಡೆದಿರುವಾಗಲೇ, ಪಿಸ್ತೂಲನ್ನು ಹೊರತೆಗೆದ ಮೆರೆಡಿತ್ ಹಂಟರ್ ಎಂಬ 18 ವರ್ಷದ ಕಪ್ಪು ಯುವಕನೊಬ್ಬನನ್ನು ಆ ಗುಂಪಿನವನೊಬ್ಬನು ಇರಿದು ಕೊಂದನು. ಕ್ಯಾಮರಾ ಅದನ್ನು ಹಿಡಿದುಕೊಂಡಿತು. ಮುಂದೆ ನ್ಯಾಯಾಲಯವು ಆತ್ಮರಕ್ಷಣೆಯೆಂದು ಇರಿದವನನ್ನು ಬಿಡುಗಡೆ ಮಾಡಿತು.

ಒಬ್ಬನ ಸಾವನ್ನು ಟಿಕೀಟು ಕೊಂಡು ನೋಡಬಹುದೆ? ಈ ಪ್ರಶ್ನೆ ನ್ಯಾಯವಾದುದು. ಚಿತ್ರ ತೆಗೆದವರನ್ನು ಅನೇಕರು ಹಳಿದರು. ಆದರೆ ಅವರು ಆ ದೃಶ್ಯವನ್ನು ನಮಗೆ ಬರಿದೆ ಎಸೆಯಲಿಲ್ಲ. ಗಾಯಕನಾದ ಮಿಕ್ ಜ್ಯಾಗರನನ್ನೇ ಸಂಕಲನದ ಯಂತ್ರದ ಮುಂದೆ ಕುಳ್ಳಿರಿಸಿ ಅದನ್ನು ತೋರಿಸಿದರು. ಆತನು ಹಿಂದಕ್ಕೆ ತಿರುಗಿಸುವಂತೆ ಕೇಳುವನು. ಸುರುಳಿ ಮೆಲ್ಲಗೆ ಓಡುವುದು. ಆ ರಾತ್ರಿ ವೇದಿಕೆಯಿಂದ ಕಾಣದಿದ್ದುದು ಈಗ ಕಾಣುವುದು. ಸಾವಿರಾರು ಜನರನ್ನು ಕುಣಿಸಿದವನು ಈಗ ಬರಿಯ ಪ್ರೇಕ್ಷಕನು. ಎದ್ದು ಹೋಗುವ ಮುನ್ನ ಅವನ ಮುಖ ಒಂದು ಕ್ಷಣ ಪರದೆಯ ಮೇಲೆ ನಿಂತುಬಿಡುವುದು. ಅದರಲ್ಲಿರುವುದು ಪಶ್ಚಾತ್ತಾಪವೋ, ಆಯಾಸವೋ? ಚಿತ್ರವು ಹೇಳುವುದಿಲ್ಲ. ಹೇಳದಿರುವುದೇ ಸರಿ.

ಇಷ್ಟು ಘೋರವಾದುದನ್ನು ನೋಡಲಾರೆನೆಂಬವರಿಗೆ ಪೀಟರ್ ಜ್ಯಾಕ್ಸನ್ ಅವರ 'ಗೆಟ್ ಬ್ಯಾಕ್' (2021) ಇದೆ. ಬೀಟಲ್ಸ್ ತಂಡದವರು 1969ರ ಜನವರಿಯಲ್ಲಿ ಹಾಡು ಕಟ್ಟುತ್ತಿದ್ದುದನ್ನು ಲಿಂಡ್ಸೆ-ಹಾಗ್ ಎಂಬವರು ಚಿತ್ರಿಸಿ, 1970ರಲ್ಲಿ ಒಂದು ಕಿರಿದಾದ ಚಿತ್ರವನ್ನು ಹೊರತಂದಿದ್ದರು. ಅದನ್ನು ಕಂಡವರಿಗೆ ಒಡೆದ ಮನೆಯ ನೆನಪಾಗುತ್ತಿತ್ತು. ಅದೇ ಸುರುಳಿಗಳಿಂದ ಜ್ಯಾಕ್ಸನ್ ಅವರು ಎಂಟು ಗಂಟೆಗಳಿಗೆ ಸಮೀಪಿಸುವ ಚಿತ್ರ ಮಾಡಿದರು. ಜಗಳದೊಡನೆ ನಗುವೂ ಹೊರಬಂದಿತು. ನಮ್ಮ ಮನೆಯವರು ಅರ್ಧದಲ್ಲೇ ಎದ್ದುಹೋದರು. ನಾನು ಎರಡು ಸಲ ನೋಡಿರುವೆನು, ಮುಖ್ಯವಾಗಿ ಒಂದು ದೃಶ್ಯಕ್ಕಾಗಿ. ಮೆಕಾರ್ಟ್ನಿಯು ತಂತಿಗಳನ್ನು ಮೀಟುತ್ತ, ಪದವಿಲ್ಲದೆ ಗುನುಗುತ್ತ, ಇಲ್ಲದ ಹಾಡೊಂದನ್ನು ಹುಡುಕುತ್ತಿರುವನು. ಎದುರಿಗೆ ಇಬ್ಬರೇ ಕೇಳುಗರು. ಲೋಕವೆಲ್ಲ ಮುಂದೆ ಹಾಡಲಿರುವ ಧಾಟಿ ಮೂಡುತ್ತಿರುವಾಗ, ಅವರಲ್ಲೊಬ್ಬನಾದ ಜಾರ್ಜ್ ಹ್ಯಾರಿಸನ್ ಬಾಯಿ ತುಂಬ ಆಕಳಿಸುವನು.