ಕೂಚಂಭಟ್ಟನ ಕಪಾಟು

ಓದಿ ಓದಿ ಮರುಳಾದ ಕೂಚಂಭಟ್ಟನನ್ನು ಕನ್ನಡದವರು ಗಾದೆಯೊಳಗೆ ಕೂರಿಸಿ ನಗುತ್ತ ಬಂದಿದ್ದಾರೆ. ಅಮೆರಿಕದ ಸ್ಯಾಂಡಿ ಪೀಟರ್ಸನ್ 1981ರಲ್ಲಿ ಅಂಥದೇ ಮರುಳಿಗೆ ಲೆಕ್ಕಪತ್ರ ಬರೆದರು. ಕೇಯೋಸಿಯಮ್ ಕಂಪನಿ ಹೊರತಂದ ಆ ಆಟದ ಹೆಸರು 'ಕಾಲ್ ಆಫ್ ಕತೂಲು'. ಅದರಲ್ಲಿ ಮಣೆಯಿಲ್ಲ, ಕಾಯಿಗಳಿಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು ಮಾತಿನಲ್ಲೇ ಕಥೆ ಕಟ್ಟುತ್ತಾರೆ. ಒಬ್ಬ 'ಕೀಪರ್', ಅಂದರೆ ಸೂತ್ರಧಾರ. ಉಳಿದವರು 'ಇನ್ವೆಸ್ಟಿಗೇಟರ್'ಗಳು: 1920ರ ದಶಕದ ಪ್ರೊಫೆಸರು, ಪತ್ರಕರ್ತೆ, ಹಳೇ ಪುಸ್ತಕದ ವ್ಯಾಪಾರಿ. ಎಲ್ಲರ ಹಾಳೆಯಲ್ಲೂ 'ಸ್ಯಾನಿಟಿ' ಎಂಬ ಒಂದು ಅಂಕಿ ಇರುತ್ತದೆ. ಬುದ್ಧಿ ಎಷ್ಟು ಸ್ತಿಮಿತದಲ್ಲಿದೆ ಎಂಬುದಕ್ಕೆ ಅದೇ ಅಳತೆ.

ಆಟ ಸಾಗಿದಂತೆ ಆ ಅಂಕಿ ಕರಗುತ್ತದೆ. ಹೆಣ ಕಂಡರೆ ಚೂರು ಹೋಗುತ್ತದೆ. ಆಟದ ಹೆಸರಿನಲ್ಲಿರುವ ದೈತ್ಯ ಕತೂಲುವೇ ಸಾಕ್ಷಾತ್ ಎದುರಾದರೆ ನೂರರ ದಾಳ ಉರುಳಿಸಿ ಕಳೆಯಬೇಕಾಗಬಹುದು. ಮಜಾ ಇರುವುದು ಪುಸ್ತಕಗಳಲ್ಲಿ. ನಿಷಿದ್ಧ ಗ್ರಂಥವೊಂದನ್ನು ಓದಿದರೆ 'ಕತೂಲು ಮಿಥಾಸ್' ಎಂಬ ವಿದ್ಯೆಯ ಅಂಕ ಏರುತ್ತದೆ, ಏರಿದಷ್ಟನ್ನು 99ರಿಂದ ಕಳೆದರೆ ಉಳಿಯುವುದೇ ಬುದ್ಧಿಯ ಹೊಸ ಗರಿಷ್ಠ ಮಿತಿ. 20 ಅಂಕದಷ್ಟು ಬಲ್ಲವನ ಬುದ್ಧಿ ಇನ್ನು ಜನ್ಮದಲ್ಲಿ 79 ದಾಟುವುದಿಲ್ಲ. ಇದಕ್ಕಿಂತ ಸೊಗಸಾದ ಇನ್ನೊಂದು ನಿಯಮವಿದೆ. ಒಂದೇ ಏಟಿಗೆ 5 ಅಥವಾ ಹೆಚ್ಚು ಅಂಕ ಹೋದಾಗ ಜಾಣತನದ ಮೇಲೆ ದಾಳ ಹಾಕಬೇಕು. ಗೆದ್ದರೆ ಹುಚ್ಚು ಹಿಡಿಯುತ್ತದೆ. ಸೋತರೆ, ಕಂಡದ್ದೇನೆಂದು ತಲೆಗೇ ಹೋಗಲಿಲ್ಲ ಎಂದರ್ಥ, ದಡ್ಡ ಬಚಾವು!

ಇಂಥ ಆಟವನ್ನು ಒಂದೆರಡು ರಾತ್ರಿ ಆಡಿದವರಿಗೆ ಅದು ಹುಟ್ಟಿಬಂದ ಮೂಲ ಕಥೆಗಳ ಹಸಿವು ಹತ್ತುವುದು ಸಹಜ. ಹೊಸಬರು ಸಾಮಾನ್ಯವಾಗಿ ಆಟದ ಹೆಸರಿನ ಕಥೆಯನ್ನೇ ಮೊದಲು ಹಿಡಿಯುತ್ತಾರೆ. ರೆಕ್ಕೆ, ಉಗುರು, ಗಡ್ಡದ ಜಾಗದಲ್ಲಿ ಆಕ್ಟೋಪಸ್ಸಿನ ತೋಳು: ಚಿತ್ರ ಮೊದಲೇ ಕಣ್ಣಲ್ಲಿರುತ್ತದೆ. ಓದುತ್ತ ಹೋದರೆ ಆ ಪ್ರಾಣಿ ಕೊನೆಯಲ್ಲಿ ಕೆಲವೇ ಪುಟ ಕಾಣಿಸಿಕೊಂಡು ಮರೆಯಾಗುತ್ತದೆ. ಇಷ್ಟೇನಾ ಎಂದು ಪುಸ್ತಕ ಮುಚ್ಚಿಬಿಡುತ್ತಾರೆ. ಊಟದ ಎಲೆಯಲ್ಲಿ ಮೊದಲಿಗೇ ಮಜ್ಜಿಗೆ ಕಲಸಿಕೊಂಡವರ ಪಾಡು.

ಮೊದಲ ತುತ್ತಿಗೆ ಒದಗುವುದು 'ದ ಕಲರ್ ಔಟ್ ಆಫ್ ಸ್ಪೇಸ್'. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನ ಎಚ್. ಪಿ. ಲವ್‌ಕ್ರಾಫ್ಟ್ (1890–1937) ಬರೆದ ಈ ಕಥೆ 1927ರ ಸೆಪ್ಟೆಂಬರಿನಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯಲ್ಲಿ ಬಂತು. ತನ್ನ ಕಥೆಗಳಲ್ಲಿ ಅವನಿಗೆ ಬಹಳ ಮೆಚ್ಚಿಕೆಯಾಗಿದ್ದದ್ದೂ ಇದೇ. ಮುಂಗಡವಾಗಿ ಒಂದು ಹೆಸರನ್ನಾಗಲಿ ದೇವರನ್ನಾಗಲಿ ತಿಳಿದಿರಬೇಕಿಲ್ಲ, ಒಕ್ಕಲುತನದ ಅಂದಾಜಿದ್ದರೆ ಸಾಕು.

ನೇಹಮ್ ಗಾರ್ಡ್ನರ್ ಎಂಬ ರೈತನ ಹೊಲದಲ್ಲಿ, ಬಾವಿಯ ಪಕ್ಕಕ್ಕೇ ಉಲ್ಕೆಯೊಂದು ಬೀಳುತ್ತದೆ. ಪ್ರೊಫೆಸರುಗಳು ಚೂರು ಕೆತ್ತಿಕೊಂಡು ಹೋದರೆ ಚೂರಿನ ಜತೆಗೆ ಅದನ್ನಿಟ್ಟಿದ್ದ ಗಾಜಿನ ಪಾತ್ರೆಯೂ ಮಾಯ. ಕಲ್ಲಿನೊಳಗೊಂದು ಗುಳ್ಳೆ. ಅದರ ಬಣ್ಣ ಯಾವ ಬಣ್ಣಪಟ್ಟಿಯಲ್ಲೂ ಇಲ್ಲ. ಆ ವರ್ಷ ಹಣ್ಣುಗಳು ಹಿಂದೆಂದೂ ಇಲ್ಲದಷ್ಟು ದಪ್ಪ, ಮಿರಿಮಿರಿ ಹೊಳಪು. ಕಚ್ಚಿದರೆ ಬಾಯೆಲ್ಲ ಕಹಿ. ಆಮೇಲೆ ಗಾಳಿಯಿಲ್ಲದ ರಾತ್ರಿಯಲ್ಲಿ ಮರದ ಕೊಂಬೆಗಳು ಅಲುಗುತ್ತವೆ, ದನಗಳು ಬೂದಿಯ ಬಣ್ಣಕ್ಕೆ ತಿರುಗುತ್ತವೆ, ಮನೆಯವರ ತಲೆ ಒಬ್ಬೊಬ್ಬರದಾಗಿ ಕೆಡುತ್ತದೆ. ಇಷ್ಟಾದರೂ ಅವರು ಅದೇ ಬಾವಿಯ ನೀರನ್ನೇ ಸೇದಿ ಕುಡಿಯುತ್ತಿರುತ್ತಾರೆ. ಇಡೀ ಕಥೆಯಲ್ಲಿ ಎದುರಿಗೆ ನಿಲ್ಲಿಸಿ ಹೊಡೆಯಬಹುದಾದ ರಾಕ್ಷಸ ಒಂದೂ ಇಲ್ಲ. ಆ ಬಣ್ಣಕ್ಕೆ ಹಗೆಯೂ ಇಲ್ಲ, ಗುರಿಯೂ ಇಲ್ಲ. ಮನುಷ್ಯ ಎಂಬುವನೊಬ್ಬ ಇದ್ದಾನೆಂಬುದೇ ಅದಕ್ಕೆ ಗೊತ್ತಿದ್ದಂತಿಲ್ಲ. 'ಕಾಸ್ಮಿಕ್ ಹಾರರ್' ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ.

ಇದು ಜೀರ್ಣವಾದ ಮೇಲೆ ಕತೂಲುವಿನ ಬಳಿ ಹೋದರೆ ಓದಿನ ರುಚಿಯೇ ಬೇರೆ. ಲವ್‌ಕ್ರಾಫ್ಟ್ 1926ರಲ್ಲಿ ಬರೆದ ಆ ಕಥೆಯನ್ನು 'ವಿಯರ್ಡ್ ಟೇಲ್ಸ್' ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ಮೊದಲು ತಿರಸ್ಕರಿಸಿ, ಆಮೇಲೆ ಮನಸ್ಸು ಬದಲಿಸಿ 1928ರ ಫೆಬ್ರವರಿ ಸಂಚಿಕೆಯಲ್ಲಿ ಅಚ್ಚು ಹಾಕಿದ. ಕಥೆ ನಡೆಯುವುದೆಲ್ಲ ಕಾಗದಗಳ ನಡುವೆ: ಸತ್ತ ಮುದಿ ಪ್ರೊಫೆಸರನ ಪೆಟ್ಟಿಗೆ, ಒಂದು ಮಣ್ಣಿನ ಉಬ್ಬುಚಿತ್ರ, ಪೊಲೀಸನೊಬ್ಬನ ಹೇಳಿಕೆ, ನಾವಿಕನ ಟಿಪ್ಪಣಿ. ಮುಖ್ಯವಾದ ಸುಳಿವು ಸಿಗುವುದು ನ್ಯೂಜೆರ್ಸಿಯ ಮ್ಯೂಸಿಯಮ್ಮೊಂದರಲ್ಲಿ, ಕಲ್ಲುಗಳ ಕೆಳಗೆ ಹಾಸಿದ್ದ ಸಿಡ್ನಿಯ ಹಳೇ ಪತ್ರಿಕೆಯಲ್ಲಿ. ಕಡಲೆಕಾಯಿ ತಿಂದು ಮುಗಿಸಿ ಪೊಟ್ಟಣ ಬಿಡಿಸಿ ಓದುವ ಚಟವಿದ್ದವರಿಗೆ ಈ ಘಟ್ಟ ತಟಕ್ಕನೆ ತಾಗುತ್ತದೆ. ಆಟದಲ್ಲಿ ಕೀಪರ್ ಹಂಚುವ ಹಳೇ ಪತ್ರ, ಪತ್ರಿಕೆಯ ತುಣುಕುಗಳ ತವರು ಇಲ್ಲಿದೆ. ಒಂದೊಂದಾಗಿ ನೋಡಿದರೆ ಯಾವ ಕಾಗದವೂ ಹೆದರಿಸುವುದಿಲ್ಲ. ಜೋಡಿಸಿದವನ ಬುದ್ಧಿಗೇ ಕುತ್ತು. ಪೀಟರ್ಸನ್‌ರ ದಾಳ ಜಾಣರನ್ನು ಯಾಕೆ ಹುಡುಕಿ ಹೊಡೆಯುತ್ತದೆ ಎಂಬುದು ಆಗ ಅರ್ಥವಾಗುತ್ತದೆ.

ಓಟದ ರೋಚಕತೆ ಬೇಕೆಂದರೆ ಲವ್‌ಕ್ರಾಫ್ಟನದೇ 'ದ ಶಾಡೋ ಓವರ್ ಇನ್ಸ್‌ಮೌತ್' ಇದೆ. ಹಾಳು ಬಂದರಿನ ಹೋಟೆಲಿನಲ್ಲಿ ರಾತ್ರಿ ಯಾರೋ ಬಾಗಿಲ ಹಿಡಿ ತಿರುಗಿಸಿ ನೋಡುವ ದೃಶ್ಯ ಅದರಲ್ಲಿದೆ. 2005ರ 'ಡಾರ್ಕ್ ಕಾರ್ನರ್ಸ್ ಆಫ್ ದಿ ಅರ್ತ್' ವಿಡಿಯೋ ಗೇಮ್ ಆ ಪಲಾಯನವನ್ನೇ ಆಟಗಾರರ ಕೈಗೆ ಕೊಟ್ಟು ಬೆವರಿಳಿಸಿತು. ಅಂಟಾರ್ಕ್ಟಿಕಾಕ್ಕೆ ಕರೆದೊಯ್ಯುವ 'ಅಟ್ ದ ಮೌಂಟನ್ಸ್ ಆಫ್ ಮ್ಯಾಡ್ನೆಸ್' ದೀರ್ಘ, ನಿಧಾನ. ಅದು ರಜೆಯ ಓದು.

ಅಲ್ಲಿಂದ ಹಿಂದಕ್ಕೆ ನಡೆಯಬೇಕು. ಅಲ್ಜರ್ನಾನ್ ಬ್ಲ್ಯಾಕ್‌ವುಡ್ 1907ರಲ್ಲಿ ಪ್ರಕಟಿಸಿದ 'ದ ವಿಲ್ಲೋಸ್' ಲವ್‌ಕ್ರಾಫ್ಟನಿಗೆ ಸಾಹಿತ್ಯದಲ್ಲೇ ಶ್ರೇಷ್ಠವೆನಿಸಿದ್ದ ವಿಲಕ್ಷಣ ಕಥೆ. ಇಬ್ಬರು ಗೆಳೆಯರು ದೋಣಿಯಲ್ಲಿ ಡ್ಯಾನ್ಯೂಬ್ ನದಿಯಿಳಿದು, ವಿಯೆನ್ನಾ ದಾಟಿದ ಮೇಲೆ ಮರಳಿನ ನಡುಗಡ್ಡೆಯೊಂದರಲ್ಲಿ ಬಿಡಾರ ಹೂಡುತ್ತಾರೆ. ನದಿಗೆ ನೆರೆ. ನಡುಗಡ್ಡೆ ಕ್ಷಣಕ್ಷಣಕ್ಕೂ ಕರಗುತ್ತಿದೆ. ಬೆಳಗಾದರೆ ವಿಲ್ಲೋ ಪೊದೆಗಳು ಗುಡಾರಕ್ಕೆ ಇನ್ನಷ್ಟು ಹತ್ತಿರ ಬಂದಂತೆ ತೋರುತ್ತದೆ. ಒಂದು ಹುಟ್ಟು ಕಾಣೆ. ಉಳಿದ ಹುಟ್ಟಿನ ಅಲಗನ್ನು ಯಾರೋ ಒತ್ತಿದರೆ ಮುರಿಯುವಷ್ಟು ತೆಳ್ಳಗೆ ಹೆರೆದಿದ್ದಾರೆ. ಆ ಹೆರೆದ ಮರವನ್ನು ಕೈಯಲ್ಲಿ ಹಿಡಿದು ಇಬ್ಬರೂ ಏನೇನೋ ಸಮಜಾಯಿಷಿ ಹುಡುಕುತ್ತಾರೆ. ಸೋಲುವುದು ತಮಗೇ ಗೊತ್ತಿದ್ದರೂ ಬಿಡುವುದಿಲ್ಲ.

ರಾಬರ್ಟ್ ಚೇಂಬರ್ಸ್‌ನ 'ದ ಕಿಂಗ್ ಇನ್ ಯೆಲ್ಲೋ' (1895) ಸಂಕಲನದಲ್ಲಿ ಓದಿದವರ ತಲೆ ಕೆಡಿಸುವ ನಾಟಕವೊಂದು ಬರುತ್ತದೆ. ಚೇಂಬರ್ಸ್ ಅದರಿಂದ ಒಂದೆರಡು ತುಣುಕು ತೋರಿಸಿ ಸುಮ್ಮನಾಗುತ್ತಾನೆ. 'ಟ್ರೂ ಡಿಟೆಕ್ಟಿವ್' ಸರಣಿಯಲ್ಲಿ 2014ರಲ್ಲಿ ಮತ್ತೆ ಕೇಳಿಬಂದ ಕಾರ್ಕೋಸಾ ಎಂಬ ಊರ ಹೆಸರನ್ನು ಅವನೂ ಆಂಬ್ರೋಸ್ ಬಿಯರ್ಸ್‌ನಿಂದ ಕಡ ತಂದಿದ್ದ. ಕೊಂಡವರಿಗೊಂದು ಕಿವಿಮಾತು: ಮೊದಲ ನಾಲ್ಕು ಕಥೆಗಳೇ ಈ ದಾರಿಗೆ ಸೇರಿದವು. ಕೊನೆಯತ್ತ ಪ್ಯಾರಿಸ್ಸಿನ ಕಲಾ ವಿದ್ಯಾರ್ಥಿಗಳ ಪ್ರೇಮ ಪ್ರಕರಣಗಳು ಶುರುವಾಗುತ್ತವೆ.

ಈ ಕಪಾಟಿನಲ್ಲಿ ಗೆದ್ದಲೂ ಇದೆ. ಲವ್‌ಕ್ರಾಫ್ಟ್ ಕಟ್ಟಾ ಜನಾಂಗದ್ವೇಷಿ. ನ್ಯೂಯಾರ್ಕಿನ ವಲಸಿಗರ ಮೇಲೆ ಅವನು ಕಾರಿದ ಅಸಹ್ಯ 'ದ ಹಾರರ್ ಅಟ್ ರೆಡ್ ಹುಕ್' ಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಇದೆ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯಾಗಿ ಕೊಡುತ್ತಿದ್ದ ಅವನ ಮುಖದ ಪ್ರತಿಮೆಯನ್ನು ಕೈಬಿಡುವುದಾಗಿ 2015ರಲ್ಲಿ ಘೋಷಣೆಯಾಯಿತು. ಮರುವರ್ಷವೇ ಕಪ್ಪು ಅಮೆರಿಕನ್ ಲೇಖಕ ವಿಕ್ಟರ್ ಲವಾಲ್ 'ದ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಬರೆದು, ಅದೇ ರೆಡ್ ಹುಕ್ ಕಥೆಯನ್ನು ಹಾರ್ಲೆಮ್ಮಿನ ಕಪ್ಪು ತರುಣನ ಕಣ್ಣಿಂದ ಹೇಳಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಭಯಪಡಬೇಕಾದವರು ಯಾರು, ಯಾರನ್ನು ಕಂಡು ಎಂಬ ಪ್ರಶ್ನೆ ಮಗುಚಿ ಬೀಳುತ್ತದೆ.

ಯಾವ ಪ್ರತಿ ಕೊಳ್ಳುವುದು? ಮುಖಪುಟದಲ್ಲಿ ಎಸ್. ಟಿ. ಜೋಶಿ ಎಂಬ ಸಂಪಾದಕರ ಹೆಸರಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. 1958ರಲ್ಲಿ ಪುಣೆಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಜೋಶಿ ಓದಿದ್ದು ಪ್ರಾವಿಡೆನ್ಸಿನ ಬ್ರೌನ್ ವಿಶ್ವವಿದ್ಯಾಲಯದಲ್ಲಿ. ಲವ್‌ಕ್ರಾಫ್ಟನ ಹಸ್ತಪ್ರತಿಗಳಿರುವುದೂ ಅಲ್ಲೇ. ಪತ್ರಿಕೆಗಳವರು ಕತ್ತರಿಸಿದ್ದ, ತಿರುಚಿದ್ದ ವಾಕ್ಯಗಳನ್ನು ಹಸ್ತಪ್ರತಿಗಳಿಗೆ ಹೋಲಿಸಿ ಅವರು ಸರಿಪಡಿಸಿದರು.

ಈ ಲೇಖಕರು ತಾವೂ ಆಟಗಾರರೇ. 1935ರಲ್ಲಿ ಹದಿಹರೆಯದ ರಾಬರ್ಟ್ ಬ್ಲಾಕ್ ತನ್ನ ಕಥೆಯಲ್ಲಿ ಲವ್‌ಕ್ರಾಫ್ಟನನ್ನೇ ಹೋಲುವ ಪಾತ್ರವೊಂದನ್ನು ಕೊಂದ. ಮೊದಲೇ ಕೇಳಿದ್ದ, ಗುರು ಲಿಖಿತ ಅಪ್ಪಣೆಯನ್ನೂ ಕೊಟ್ಟಿದ್ದ. ಸೇಡಿಗೆ 'ದ ಹಾಂಟರ್ ಆಫ್ ದ ಡಾರ್ಕ್' ಬರೆದ ಲವ್‌ಕ್ರಾಫ್ಟ್, ಅದರಲ್ಲಿ ಮಿಲ್ವಾಕಿಯ ರಾಬರ್ಟ್ ಬ್ಲೇಕ್ ಎಂಬ ತರುಣನನ್ನು ಕಿಟಕಿಯ ಮುಂದೆ ಕೂರಿಸಿ ಮುಗಿಸಿದ. ಮಿಲ್ವಾಕಿ ಬ್ಲಾಕ್‌ನ ಊರು. ಮುಂದೆ 'ಸೈಕೋ' ಬರೆದವನು ಈ ಶಿಷ್ಯನೇ.

ಇಷ್ಟನ್ನು ಓದಿಕೊಂಡ ಆಟಗಾರ ಮತ್ತೆ ಮೇಜಿಗೆ ಬಂದಾಗ ಬದಲಾವಣೆ ಸಣ್ಣದರಲ್ಲಿ ತಿಳಿಯುತ್ತದೆ. ಕೀಪರ್ ಎಂದಿನಂತೆ ವರ್ಣಿಸುತ್ತಾನೆ: ಪಾಳು ತೋಟದ ಮನೆ, ಉರಿಬಿಸಿಲು, ಅಂಗಳದಲ್ಲೊಂದು ಬಾವಿ, ಕಟ್ಟೆಯ ಮೇಲೆ ಹಗ್ಗ ಸಮೇತ ಬಕೆಟ್ಟು. ಉಳಿದವರು ಬಾಗಿಲು ಒಡೆಯುವ ಲೆಕ್ಕಾಚಾರದಲ್ಲಿರುತ್ತಾರೆ. ಇವನೊಬ್ಬ ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟು, "ನನ್ನ ಪ್ರೊಫೆಸರಿಗೆ ಬಾಯಾರಿಕೆಯಾಗಿಲ್ಲ" ಎನ್ನುತ್ತಾನೆ.