ಲೆಕ್ಕದ ಪುಸ್ತಕದ ‘ಇತರೆ’

ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದಾಳೆ. ನಾನು ಕಳಿಸುವ ಹಣಕ್ಕೆ ತಿಂಗಳ ಕೊನೆಯಲ್ಲಿ ಲೆಕ್ಕ ಒಪ್ಪಿಸಬೇಕೆಂಬುದು ನಮ್ಮಿಬ್ಬರ ನಡುವಿನ ಕರಾರು. ಆರು ತಿಂಗಳ ಹಿಂದೆ ಬಂದ ಲೆಕ್ಕದಲ್ಲಿ ನಾಲ್ಕು ಶನಿವಾರಗಳ ಮುಂದೆ ‘ಕಾಫಿ – 125’ ಎಂದು ಬರೆದಿತ್ತು. ಒಂದು ಲೋಟ ಕಾಫಿಗೆ ನೂರಿಪ್ಪತ್ತೈದು! ಅದು ಬೆಳ್ಳಿ ಲೋಟವೇ ಎಂದು ಕೇಳಬೇಕೆನಿಸಿತು. ಫೋನು ಹಚ್ಚಿ ಉಪದೇಶಕ್ಕೆ ಶುರು ಮಾಡಿದೆ.

‘ತಿಂಗಳಿಗೆ ಐನೂರು, ವರ್ಷಕ್ಕೆ 6,000. ಅದನ್ನು ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಪಿ.ಪಿ.ಎಫ್. ಖಾತೆಗೆ ಹಾಕಿದರೆ, 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡ 7.1ರ ಬಡ್ಡಿಯೇ ಉದ್ದಕ್ಕೂ ಸಿಕ್ಕಿದರೂ ಹದಿನೈದು ವರ್ಷಕ್ಕೆ 1 ಲಕ್ಷ 62 ಸಾವಿರ ಆಗುತ್ತೆ. ನೀನು ಹಾಕೋದು ಬರೀ 90 ಸಾವಿರ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಪಶ್ಚಾತ್ತಾಪ ಪಡುತ್ತಿದ್ದಾಳೆ ಎಂದುಕೊಂಡೆ. ಅವಳು ಲೆಕ್ಕ ಹಾಕುತ್ತಿದ್ದಳು.

‘ಅಪ್ಪಾ, ವರ್ಷಕ್ಕೆ ಶೇಕಡ ಆರರಂತೆ ಬೆಲೆ ಏರಿದ್ರೆ ಹದಿನೈದು ವರ್ಷ ಆದ್ಮೇಲೆ ಇದೇ ಕಾಫಿ ಮುನ್ನೂರು ರೂಪಾಯಿ. ಆಗ ಕುಡಿಯೋಕಿಂತ ಈಗ್ಲೇ ಕುಡಿಯೋದು ಅಗ್ಗ ಅಲ್ವಾ?’

ಬಿ.ಕಾಂ.ಗೆ ಸೇರಿಸಿದ್ದು ನಾನೇ. ಫೋನು ಇಟ್ಟೆ. ಉತ್ತರ ತೋಚದ್ದಕ್ಕೆ ಮಾತ್ರ ಅಲ್ಲ, ಅವಳಿಗೆ ಹೇಳಿದ ಮಾತು ನನ್ನದಲ್ಲ, ನನ್ನ ಅಪ್ಪಯ್ಯನದು ಎಂಬುದು ಅಷ್ಟು ಹೊತ್ತಿಗೆ ಹೊಳೆದಿತ್ತು.

ಅಪ್ಪಯ್ಯ ಸಾಗರದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದರು. ಶಾಲೆಯ ‘ಸಂಚಯಿಕ’ದ ಉಸ್ತುವಾರಿ ಅವರದೇ. ಮಕ್ಕಳೇ ನಡೆಸುವ ಉಳಿತಾಯದ ಬ್ಯಾಂಕು ಅದು. ಹುಡುಗನೊಬ್ಬ ಕ್ಯಾಶಿಯರು, ಇನ್ನೊಬ್ಬ ಪಾಸ್‌ಬುಕ್ ಬರೆಯುವವನು. ನಾಲ್ಕಾಣೆ, ಎಂಟಾಣೆ ಕಟ್ಟಲು ಬಂದವರಿಗೆ ಅಪ್ಪಯ್ಯನ ನಗುಮುಖ. ತೆಗೆಯಲು ಬಂದವರಿಗೆ ಮಾತ್ರ ವಿಚಾರಣೆ. ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದಾಗ ಹುಡುಗರೆಲ್ಲ ಸಾಲು ನಿಲ್ಲುತ್ತಿದ್ದರು. ‘ಎಂತಕ್ಕೋ ಎರಡು ರೂಪಾಯಿ?’ ‘ತೊಟ್ಟಿಲು ಕೂರಕ್ಕೆ ಸಾ.’ ‘ಸುತ್ತಿ ಸುತ್ತಿ ಹತ್ತಿದಲ್ಲೇ ಇಳೀತೀಯಲ್ಲೋ, ಅದಕ್ಕೆ ಎರಡು ರೂಪಾಯಿ ಯಾಕೆ?’ ಹೀಗೆಂದು ಗದರಿಸಿಯೇ ಕೊಡುತ್ತಿದ್ದರು.

ಮನೆಯಲ್ಲೂ ಅದೇ ಕಾನೂನು. ಸಂಬಳ ಬಂದ ದಿನ ಅಂಚೆ ಕಚೇರಿಯ ಆರ್.ಡಿ. ಕಟ್ಟಿಯೇ ಮನೆಗೆ ಬರುತ್ತಿದ್ದರು. 1988ರಲ್ಲಿ ಕಿಸಾನ್ ವಿಕಾಸ ಪತ್ರ ಬಂದಾಗ ಅವರಿಗಾದ ಸಂತೋಷ ಹೇಳತೀರದು. ಐದೂವರೆ ವರ್ಷಕ್ಕೆ ದುಡ್ಡು ದುಪ್ಪಟ್ಟು! ಅಲ್ಲಿ ಇಲ್ಲಿ ಸೇರಿಸಿದ ಐದು ಸಾವಿರ ರೂಪಾಯಿಗೆ ಪತ್ರ ಕೊಂಡು ತಗಡಿನ ಟ್ರಂಕಿನ ತಳದಲ್ಲಿಟ್ಟರು. (2023ರ ಏಪ್ರಿಲ್‌ನಲ್ಲಿ ಅದೇ ಪತ್ರ ದುಪ್ಪಟ್ಟಾಗುವ ಅವಧಿಯನ್ನು 115 ತಿಂಗಳು ಎಂದು ಗೊತ್ತುಪಡಿಸಿದರು. ಅಪ್ಪಯ್ಯ ಇದ್ದಿದ್ದರೆ ಪೋಸ್ಟ್ ಮಾಸ್ಟರರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು.) ಐದೂವರೆ ವರ್ಷಕ್ಕೆ ದುಪ್ಪಟ್ಟು ಎಂದರೆ ವರ್ಷಕ್ಕೆ ಶೇಕಡ 13ಕ್ಕಿಂತ ತುಸು ಹೆಚ್ಚು. 1991ರಲ್ಲಿ ಬೆಲೆಗಳೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಏರಿದವು. ಆ ಮಾತನ್ನು ಅವರೆದುರು ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪಯ್ಯನನ್ನು ಲೇವಡಿ ಮಾಡಿದೆನೆಂದು ತಿಳಿಯಬೇಡಿ. ನಾನು ಇಂಜಿನಿಯರಿಂಗ್ ಸೇರಿದ ವರ್ಷವೇ ಆ ಐದು ಸಾವಿರ ಹತ್ತಾಗಿ ಕೈಗೆ ಬಂತು. ಫೀಸು, ಹಾಸ್ಟೆಲಿನ ಮುಂಗಡ, ಡ್ರಾಫ್ಟರು, ಒಂದು ಜೊತೆ ಶೂ ಎಲ್ಲವೂ ಅದರಲ್ಲೇ ಆಯಿತು. ಯಾರ ಮನೆಯ ಬಾಗಿಲಿಗೂ ಸಾಲ ಕೇಳಲು ಹೋಗಲಿಲ್ಲ. ಅದರ ಬೆಲೆ ಏನೆಂಬುದು ಸಾಲ ಕೇಳಿದವರ ಮಕ್ಕಳಿಗೆ ಗೊತ್ತು.

ಆದರೆ ಅಮ್ಮನ ಜೋಗದ ಕತೆಯೊಂದಿದೆ.

ಅಮ್ಮ ಅರಸೀಕೆರೆ ಕಡೆಯವರು. ಕೊಡ ನೀರಿಗೆ ಅರ್ಧ ಮೈಲಿ ನಡೆದು ಬೆಳೆದವರಿಗೆ, ಮದುವೆಯಾಗಿ ಬಂದ ಊರಿನಿಂದ 30 ಕಿಲೋಮೀಟರಿನಲ್ಲಿ 830 ಅಡಿ ಎತ್ತರದಿಂದ ನೀರು ಬೀಳುತ್ತದೆಂದರೆ ನೋಡುವ ಆಸೆ ಹುಟ್ಟದಿರುತ್ತದೆಯೇ? ಅದೊಂದನ್ನು ಬಿಟ್ಟು ಅವರು ಬೇರೇನನ್ನೂ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ಅಪ್ಪಯ್ಯನದು ಒಂದೇ ಉತ್ತರ: ‘ಜೋಗ ಎಲ್ಲಿಗೆ ಓಡಿಹೋಗ್ತದೆ?’

ಓಡಿಹೋಗುವುದಿಲ್ಲ ನಿಜ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಮೈದುಂಬಿ ಧುಮುಕುವುದು ಅಣೆಕಟ್ಟಿನ ಗೇಟು ತೆಗೆದಾಗಲೇ. ಗರಿಷ್ಠ ಮಟ್ಟ 1819 ಅಡಿ. ಮಳೆಗಾಲ ಬಂತೆಂದರೆ ಅಪ್ಪಯ್ಯ ದಿನಾ ಪತ್ರಿಕೆಯಲ್ಲಿ ನೀರಿನ ಮಟ್ಟ ಓದಿ ಹೇಳುವರು. ‘1810 ಆಯ್ತು.’ ‘1816.’ ಒಲೆಯ ಮುಂದಿನಿಂದ ಅಮ್ಮ ಕಿವಿಗೊಟ್ಟು ಕೇಳುವರು. ಕೆಲವು ವರ್ಷ ಅಷ್ಟಕ್ಕೇ ನಿಲ್ಲುತ್ತಿತ್ತು. ಕೊನೆಗೂ ಗೇಟು ತೆಗೆದ ವರ್ಷ ಅಪ್ಪಯ್ಯ ಹೇಳಿದರು: ‘ಈಗ ಅಲ್ಲಿ ಜನವೋ ಜನ. ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇಲ್ಲ. ಮುಂದಿನ ವರ್ಷ ನೋಡುವ.’

ನಾವು ಮೂವರು ಮಕ್ಕಳು, ಅವರಿಬ್ಬರು. ಐದು ಜನರ ಬಸ್ ಛಾರ್ಜು, ಬುತ್ತಿ ಕಟ್ಟಿಕೊಂಡರೆ ಊಟವೂ ಬಿಟ್ಟಿ; ಆ ಕಾಲಕ್ಕೆ ನೂರು ರೂಪಾಯಿ ದಾಟುತ್ತಿರಲಿಲ್ಲ. ಆ ನೂರು ರೂಪಾಯಿಯೂ ಪತ್ರವಾಗಿ ಐದೂವರೆ ವರ್ಷಕ್ಕೆ ಇನ್ನೂರಾಯಿತು ಎನ್ನಿ. ಅಮ್ಮನ ಮೊಣಕಾಲಿಗೆ ಅಂಥ ಯೋಜನೆ ಯಾವುದೂ ಇರಲಿಲ್ಲ.

ಅಪ್ಪಯ್ಯ ತೀರಿಕೊಂಡ ಮೇಲೆ ಟ್ರಂಕು ಬಿಚ್ಚಿದಾಗ ಇಪ್ಪತ್ತು ವರ್ಷದ ಲೆಕ್ಕದ ಪುಸ್ತಕಗಳು ಸಿಕ್ಕವು. ಬೆಂಕಿಪೊಟ್ಟಣವನ್ನೂ ಬಿಡದೆ ಬರೆದಿದ್ದರು. ಆದರೆ ಶನಿವಾರಗಳಂದು ಮಾತ್ರ ವಿವರವಿಲ್ಲದ ಒಂದು ಬಾಬತ್ತು: ‘ಇತರೆ’. ಮೊದಮೊದಲು ಮೂರು ರೂಪಾಯಿ, ಆಮೇಲೆ ನಾಲ್ಕು, ಮುಂದೆ ಆರು, ಎಂಟು. ಏನಿದು ಎಂದು ಅಮ್ಮನನ್ನು ಕೇಳಿದೆ.

‘ಮಸಾಲೆ ದೋಸೆ’ ಎಂದರು ಅಮ್ಮ, ಅಕ್ಕಿ ಆರಿಸುತ್ತಲೇ. ‘ಶನಿವಾರ ಬೆಳಗಿನ ಶಾಲೆ ಅಲ್ವಾ? ಬಿಟ್ಟ ಮೇಲೆ ಬಸ್‌ಸ್ಟ್ಯಾಂಡ್ ಹತ್ರದ ಹೋಟ್ಲಿಗೆ ಹೋಗೋರು. ಮಧ್ಯಾಹ್ನ ಬಂದು ಎರಡು ತುತ್ತು ಉಂಡು ಸಾಕು ಅನ್ನೋರು. ನಂಗೆ ಗೊತ್ತಾಗಲ್ವಾ?’

‘ಮತ್ತೆ ನೀವು ಯಾಕೆ ಕೇಳ್ಲಿಲ್ಲ?’

‘ಆ ಮೂರು ರೂಪಾಯಿ ತಿಂದ್ಕೊಂಡು ಬಂದ ದಿನ ಮನೇಲಿ ಯಾರ ಮೇಲೂ ಹರಿಹಾಯ್ತಿರಲಿಲ್ಲ. ತಿನ್ಲಿ ಬಿಡು.’

ಅಪ್ಪಯ್ಯ ಆ ದೋಸೆ ತಿನ್ನದೆ ಹೋಗಿದ್ದರೆ ನನಗೆ ಈಗಲೂ ಬೇಸರವಾಗುತ್ತಿತ್ತು. ವಾರವಿಡೀ ಗಂಟಲು ಹರಿದುಕೊಂಡ ಮನುಷ್ಯನಿಗೆ ಅಷ್ಟೂ ಬೇಡವೇ? ಆದರೆ ಆ ಪುಸ್ತಕಗಳಲ್ಲಿ ಅಮ್ಮನ ಹೆಸರಿಗೆ ಒಂದು ‘ಇತರೆ’ ಇರಲಿಲ್ಲ. ನನಗೆ ಚುಚ್ಚಿದ್ದು ಅದು. ಉಳಿತಾಯ ಮನೆಮಂದಿಯದೆಲ್ಲ, ಸಣ್ಣ ಸುಖ ಮಾತ್ರ ಲೆಕ್ಕ ಬರೆಯುವವನದು. ನಾನೂ ಈಗ ಮಗಳ ಲೆಕ್ಕ ನೋಡುವ ಗತ್ತಿನಲ್ಲಿ ನನ್ನ ಭಾನುವಾರದ ಬೋಂಡದ ಲೆಕ್ಕವನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಮರುದಿನ ಮಗಳಿಗೆ ಫೋನು ಮಾಡಿ ರಾಜಿಗೆ ಬಂದೆ. ತಿಂಗಳ ಮೊದಲ ದಿನವೇ ಐನೂರು ಆರ್.ಡಿ.ಗೆ ಹೋಗಬೇಕು, ಮಿಕ್ಕಿದರೆ ಹಾಕುತ್ತೇನೆಂದರೆ ಯಾವ ತಿಂಗಳೂ ಮಿಕ್ಕುವುದಿಲ್ಲ. ಅದು ಹೋದ ಮೇಲೆ ಇನ್ನೊಂದು ಐನೂರು ‘ಇತರೆ’. ಅದಕ್ಕೆ ವಿವರಣೆ ಬೇಡ, ಅದರಾಚೆ ಒಂದು ಪೈಸೆಯೂ ಇಲ್ಲ. ಆರ್.ಡಿ.ಗೆ ಹಣ ಎಲ್ಲಿಂದ ಎಂದಳು. ಇಬ್ಬರೂ ಪಟ್ಟಿಯನ್ನು ಮತ್ತೆ ನೋಡಿದೆವು. ಕಾಫಿಯ ಮೇಲಿನ ಸಿಟ್ಟಿನಲ್ಲಿ ನಾನು ಆಟೋದ ಸಾಲನ್ನು ಗಮನಿಸಿಯೇ ಇರಲಿಲ್ಲ: ತಿಂಗಳಿಗೆ 1,400! ಬೆಳಿಗ್ಗೆ ಇಪ್ಪತ್ತು ನಿಮಿಷ ತಡವಾಗಿ ಏಳುವುದರ ದಂಡ. ಅದರಿಂದ ಯಾರಿಗೂ ಸುಖವಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ವಿದ್ಯಾರ್ಥಿ ಬಸ್ ಪಾಸು ಪರ್ಸಿನಲ್ಲೇ ಕೊಳೆಯುತ್ತಿತ್ತು. ಮೂರು ತಿಂಗಳು ಸರಿಯಾಗಿ ನಡೆಯಿತು. ನಾಲ್ಕನೆಯ ತಿಂಗಳು ಗೆಳತಿಯ ಹುಟ್ಟುಹಬ್ಬ ಬಂದು ಆರ್.ಡಿ. ಕಂತು ತಪ್ಪಿತು, ದಂಡ ಕಟ್ಟಿದಳು. ಕಲಿಯಲಿ.

ಅಮ್ಮನನ್ನು ಜೋಗಕ್ಕೆ ಕರೆದುಕೊಂಡು ಹೋದದ್ದು ಅಪ್ಪಯ್ಯ ಹೋದ ಎರಡು ವರ್ಷದ ಮೇಲೆ, ಒಂದು ಆಗಸ್ಟಿನಲ್ಲಿ. ಕಾರಿನಿಂದ ಕಟಾಂಜನದವರೆಗೆ ನಡೆಸುವುದೇ ಸಾಹಸವಾಯಿತು. ಹೋಗಿ ನೋಡಿದರೆ ಎದುರಿಗೆ ಮಂಜು ಬಿಟ್ಟು ಏನೂ ಇಲ್ಲ. ರಾಜನೂ ಇಲ್ಲ, ರಾಣಿಯೂ ಇಲ್ಲ, ಬರೀ ಭೋರ್ಗರೆತ. ಒಂದು ಗಂಟೆ ಕಾದೆವು. ನಾನು ಸುಟ್ಟ ಜೋಳದ ತೆನೆ ತರಲು ಹೋದೆ. ತಿರುಗಿ ಬಂದಾಗ ಅಮ್ಮ ಕೊಡೆ ಮಡಿಸಿ ನೆನೆಯುತ್ತ ನಿಂತಿದ್ದರು.

‘ಮಂಜು ಸರೀತು. ಎರಡು ನಿಮಿಷ ನಾಕೂ ಕಾಣ್ತು. ನೀನೇ ಇರ್ಲಿಲ್ಲ’ ಎಂದರು. ಆಮೇಲೆ ತೆನೆಗೆ ಎಷ್ಟು ಕೊಟ್ಟೆ ಎಂದು ಕೇಳಿ, ಜಾಸ್ತಿಯಾಯಿತು ಎಂದರು.

ಈಗ ಅಮ್ಮ ನನ್ನ ಜೊತೆಗೇ ಇದ್ದಾರೆ. ಮೊನ್ನೆ ಮೊಮ್ಮಗಳ ಕಾಫಿಯ ಪುರಾಣವನ್ನೆಲ್ಲ ಹೇಳಿದೆ.

‘ಒಂದು ಲೋಟಕ್ಕೆ ನೂರಿಪ್ಪತ್ತೈದಾ?’

‘ಹೌದು.’

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ರಜಕ್ಕೆ ಬಂದಾಗ ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗೋಕೆ ಹೇಳು.’